ಕಡಲೊಳಗಿನ ದಿನ್ನಿ

ದಿನ್ನಿ ಎಂಬ ಮಾತನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ವಳಕಮದಿನ್ನಿಯ ಹೆಸರಿನಲ್ಲಿಯೇ ಅದು ಕೂತಿರುವದು. ಸುತ್ತಲಿನ ಎರೆಹೊಲಕ್ಕಿಂತ ತುಸು ಎತ್ತರವಾದ ನೆಲಕ್ಕೆ ದಿನ್ನಿ ಎನ್ನುವರು. ಜನವಸತಿಯಿದ್ದ ಹಳೆಯ ದಿನ್ನಿಯೊಂದನ್ನು ಅಗೆದು ನೋಡಿದರೆ ಒಂದು ಮನೆಯ ಮಣ್ಣಿನ ಮೇಲೆ ಇನ್ನೊಂದು ಮನೆಯ ನೆಲಗಟ್ಟು, ಅದರ ಮೇಲೆ ಮತ್ತೊಂದರ ಬೂದಿ, ಒಡೆದ ಗಡಿಗೆಯ ಚೂರು, ಹೀಗೆ ಪದರ ಪದರವಾಗಿ ಕಾಣಿಸುವದು. ಅಜ್ಜನ ಗೋಡೆ ಕುಸಿದ ತರುವಾಯ ಮೊಮ್ಮಗನು ಅದೇ ಮಣ್ಣನ್ನು ತುಳಿದು ಸಮ ಮಾಡಿ ತನ್ನ ಗೋಡೆಯನ್ನು ಎಬ್ಬಿಸಿದನು. ಊರು ಹೀಗೆ ತಲೆಮಾರಿಗೊಂದು ಗೇಣು ಮೇಲಕ್ಕೆದ್ದಿತು. ಬದುಕಿರುವವರು ಮೇಲಿನ ಒಂದು ಪದರದಲ್ಲಿ ಮಾತ್ರ. ಕೆಳಗಿರುವದೆಲ್ಲವೂ ಬದುಕಿ ಹೋದವರ ಗಳಿಕೆ.

ಸಮುದ್ರದ ಒಳಗೂ ಇಂಥ ದಿನ್ನಿಗಳುಂಟು. ಅವುಗಳನ್ನು ಕಟ್ಟಿದವರು ಮನುಷ್ಯರಲ್ಲ, ಜೋಳದ ಕಾಳಿನಷ್ಟು ಗಾತ್ರದ ಪ್ರಾಣಿಗಳು. ಅವುಗಳಿಗೆ ಹವಳದ ದಿಬ್ಬಗಳೆಂದು ಹೆಸರು. ಕಡಲು ನಮ್ಮಿಂದ ನೇರವಾಗಿ ಅಳೆದರೂ ಸುಮಾರು ೩೦೦ ಕಿಲೋಮೀಟರು ದೂರದಲ್ಲಿರುವದು. ನಮ್ಮ ಶಾಲೆಯ ಅನೇಕ ಹುಡುಗಿಯರು ಅದನ್ನು ಚಿತ್ರದಲ್ಲಿ ಹೊರತು ಕಂಡವರಲ್ಲ. ಆದರೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಕರಾವಳಿಯ ಮನೆಗಳನ್ನು ಸೇರಿರುವರು, ತಾಯಿತಂದೆಗಳಲ್ಲಿ ಹಲವರು ಮುರುಡೇಶ್ವರ ಗೋಕರ್ಣಗಳ ಕಡೆಗೆ ಪ್ರವಾಸ ಹೋಗಿ ಬರುವರು. ಆದಕಾರಣ ಈ ಸಂಚಿಕೆಯಲ್ಲಿ ಕನ್ನಡ ಕರಾವಳಿಯ ಹವಳಗಳ ವಿಷಯವಾಗಿ ನಾಲ್ಕು ಮಾತು ಬರೆಯುವದು ಅಪ್ರಸ್ತುತವಾಗಲಾರದೆಂದು ಎಣಿಸುವೆನು.

ಮೊದಲು ಒಂದು ತೊಡಕನ್ನು ಬಿಡಿಸಬೇಕು. ಹವಳವೆಂದೊಡನೆ ನಮ್ಮ ಹೆಣ್ಣುಮಕ್ಕಳ ಕೈ ಕೊರಳಿಗೆ ಹೋಗುವದು. ತಾಳಿಯ ಕರಿಮಣಿಯ ನಡುವೆ ಪೋಣಿಸುವ ಆ ಕೆಂಪು ಹವಳವು ದಿಬ್ಬವನ್ನು ಕಟ್ಟುವ ಹವಳವಲ್ಲ. ಅದರ ಮುಖ್ಯ ನೆಲೆ ಭೂಮಧ್ಯ ಸಮುದ್ರದ ಮಬ್ಬುಗತ್ತಲೆಯ ಗವಿಗಳೂ ಆಳದ ಬಂಡೆಗಳೂ. ಇಟಲಿಯ ನೇಪಲ್ಸಿನ ಬಳಿಯಲ್ಲಿರುವ ತೊರ್ರೆ ದೆಲ್ ಗ್ರೆಕೊ ಎಂಬ ಪಟ್ಟಣವು ಅದನ್ನು ಕೆತ್ತುವ ಕಸುಬಿಗೆ ಹೆಸರಾದದ್ದು. ಬಹು ಹಿಂದಿನಿಂದಲೂ ಅದು ವ್ಯಾಪಾರದ ಸರಕು. ಸತ್ಯವೇದದಲ್ಲಿ ಯೋಬನ ಗ್ರಂಥದ ೨೮ನೆಯ ಅಧ್ಯಾಯವು ಜ್ಞಾನದ ಬೆಲೆಯನ್ನು ತೂಗುವಾಗ ಹವಳದ ಹೆಸರನ್ನೆತ್ತುವದು. ಯೆಹೆಜ್ಕೇಲನ ಗ್ರಂಥದ ೨೭ನೆಯ ಅಧ್ಯಾಯದಲ್ಲಿ ತೂರ್ ಪಟ್ಟಣದ ಸಂತೆಗೆ ಬಂದ ಪದಾರ್ಥಗಳ ಪಟ್ಟಿಯಲ್ಲಿಯೂ ಅದು ಇರುವದು. ದಿಬ್ಬದ ಹವಳವೋ ಬೇರೆ. ಅದರ ಎಲುಬು ಸುಣ್ಣದಂತೆ ಬಿಳುಪು. ಬಣ್ಣವೆಲ್ಲ ಅದರ ಜೀವದಲ್ಲಿಯೂ ಅದರೊಳಗಿನ ಬಾಡಿಗೆದಾರನಲ್ಲಿಯೂ ಇರುವದು. ಆ ಬಾಡಿಗೆದಾರನ ಮಾತು ಮುಂದೆ ಬರುವದು.

ನಮ್ಮ ಹಳೆಯ ಪಾಠಪುಸ್ತಕಗಳು ಇದನ್ನು ಹವಳದ ಹುಳುವೆಂದು ಕರೆದವು. ನಿಜವಾಗಿ ಇದು ಹುಳುವಲ್ಲ, ಲೋಳೆಮೀನಿನ ಸಂಬಂಧಿಕ. ಪಾಲಿಪ್ ಎಂಬ ಒಂದೊಂದು ಪ್ರಾಣಿಯೂ ಸಣ್ಣದೊಂದು ಚೀಲದಂತಿರುವದು. ಮೇಲ್ಗಡೆ ಒಂದು ಬಾಯಿ, ಬಾಯಿಯ ಸುತ್ತಲೂ ದಳಗಳಂಥ ಕೈಗಳು. ಬಹಳಷ್ಟು ಜಾತಿಗಳಲ್ಲಿ ಹಗಲು ಕೈಗಳನ್ನು ಒಳಗೆಳೆದುಕೊಂಡಿದ್ದು ರಾತ್ರಿ ಬಿಚ್ಚಿ, ನೀರಿನಲ್ಲಿ ತೇಲಿ ಬರುವ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುವದು. ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ತೆಗೆದುಕೊಂಡು ತನ್ನ ಕೆಳಗೆ ಬಟ್ಟಲಿನಂಥ ಗಟ್ಟಿ ಮನೆಯನ್ನು ಕಟ್ಟಿಕೊಳ್ಳುವದು. ಒಂದು ಪಾಲಿಪ್ ಮೊಗ್ಗೊಡೆದು ಎರಡಾಗುವದು, ಎರಡು ನಾಲ್ಕಾಗುವವು. ಮನೆಯ ಮೇಲೆ ಮನೆ ಏರುವದು. ಗುಂಡುಕಲ್ಲಿನಂತೆ ಬೆಳೆಯುವ ಜಾತಿಗಳು ವರುಷಕ್ಕೆ ಸುಮಾರು ಒಂದು ಸೆಂಟಿಮೀಟರು ಬೆಳೆಯುವವು. ಕೊಂಬೆಯಂಥವು ಹತ್ತು ಸೆಂಟಿಮೀಟರಿನ ತನಕ ಹೋಗುವದುಂಟು. ಮನುಷ್ಯನ ಎತ್ತರದ ಒಂದು ಗುಂಡುಹವಳ ಬೆಳೆಯಬೇಕಾದರೆ ಒಂದೂವರೆ ಶತಮಾನಕ್ಕೆ ಕಡಿಮೆಯಿಲ್ಲದ ಕಾಲ ಹಿಡಿಯುವದೆಂದು ಇದರಿಂದ ಲೆಕ್ಕ ಹಾಕಬಹುದು.

ಇನ್ನು ಬಾಡಿಗೆದಾರ. ಪಾಲಿಪಿನ ಮೈಯೊಳಗೆ ಕಣ್ಣಿಗೆ ಕಾಣದ ಒಂದು ಬಗೆಯ ಪಾಚಿ ವಾಸಿಸುವದು. ಅದು ಬಿಸಿಲಿನಿಂದ ಆಹಾರವನ್ನು ತಯಾರಿಸುವದು. ಹವಳವು ಅದಕ್ಕೆ ಮನೆಯನ್ನೂ ತನ್ನ ಹೊಲಸನ್ನೇ ಗೊಬ್ಬರವಾಗಿಯೂ ಕೊಡುವದು. ನಮ್ಮ ಹೊಲಗಳಲ್ಲಿ ಪಾಲಿಗೆ ಬಿತ್ತುವ ಪದ್ಧತಿಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವದು. ವ್ಯತ್ಯಾಸವೆಂದರೆ ಇಲ್ಲಿ ಬಿತ್ತುವವನು ಹತ್ತರಲ್ಲಿ ಒಂಬತ್ತು ಪಾಲಿನ ತನಕ ಒಡೆಯನಿಗೆ ಅಳೆದು ಕೊಡುವನು. ಸಿಂಧನೂರಿನ ರೈತನೊಬ್ಬನೂ ಒಪ್ಪುವ ಕರಾರಲ್ಲ. ಆದರೆ ಈ ಕರಾರಿನ ಮೇಲೆಯೇ ದಿಬ್ಬವೆಲ್ಲ ನಿಂತಿರುವದು. ಬಿಸಿಲು ತಲುಪಬೇಕಾದ್ದರಿಂದ ದಿಬ್ಬ ಕಟ್ಟುವ ಹವಳಕ್ಕೆ ತಿಳಿಯಾದ, ಆಳವಿಲ್ಲದ, ಬೆಚ್ಚಗಿನ ನೀರು ಬೇಕು. ಕೆಸರು ಕದಡಿದರೆ ಬೆಳಕು ತಪ್ಪುವದು, ಬಾಯಿ ಮುಚ್ಚುವದು. ನೀರು ಬೇಸಗೆಯ ವಾಡಿಕೆಯ ಉಷ್ಣಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಕರಾರು ಮುರಿಯುವದು. ಹವಳವು ಪಾಚಿಯನ್ನು ಹೊರಗೆ ಹಾಕಿ ತಾನು ಬೆಳ್ಳಗಾಗುವದು. ಬೆಳ್ಳಗಾದ ಹವಳವು ಆ ಕ್ಷಣದಲ್ಲಿ ಸತ್ತಿರುವದಿಲ್ಲ, ಹಸಿದಿರುವದು. ನೀರು ಬೇಗ ತಣಿದರೆ ಪಾಚಿ ತಿರುಗಿ ಬಂದು ಸೇರುವದು, ತಡವಾದರೆ ಇಲ್ಲ.

ಸಮುದ್ರದ ತಳದಲ್ಲಿ ಇಂಥ ದಿಬ್ಬಗಳು ಆಕ್ರಮಿಸಿರುವ ಜಾಗವು ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಆದರೆ ಕಡಲಿನ ಜೀವಜಾತಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ತಮ್ಮ ಆಯುಷ್ಯದ ಒಂದಲ್ಲ ಒಂದು ಕಾಲದಲ್ಲಿ ಇವನ್ನು ಆಶ್ರಯಿಸುವವು. ಗಿಳಿಮೀನು ಎಂಬುದೊಂದುಂಟು. ಅದರ ಹಲ್ಲುಗಳು ಕೂಡಿಕೊಂಡು ಗಿಳಿಯ ಕೊಕ್ಕಿನಂತಾಗಿರುವವು. ಹವಳದ ಬಂಡೆಯನ್ನು ಕೆರೆದು ಮೇಲಿನ ಪಾಚಿಯನ್ನು ತಿಂದು, ಒಳಗೆ ಹೋದ ಸುಣ್ಣವನ್ನು ನುಣ್ಣಗಿನ ಮರಳಾಗಿ ಹೊರಹಾಕುವದು. ಲಕ್ಷದ್ವೀಪದಂಥ ಕಡೆಗಳ ಬಿಳಿಯ ಮರಳಿನಲ್ಲಿ ಈ ಮೀನಿನ ದುಡಿಮೆಯೂ ಸೇರಿದೆ. ಅದು ಪಾಚಿಯನ್ನು ಮೇಯದೆ ಬಿಟ್ಟರೆ ಎಳೆಯ ಹವಳಕ್ಕೆ ಕಾಲೂರಲು ಜಾಗ ಸಿಕ್ಕುವದಿಲ್ಲ. ಆದ್ದರಿಂದ ಮೀನನ್ನು ಬರಿದು ಮಾಡಿದರೆ ಕಲ್ಲೂ ಉಳಿಯದು.

ನಮ್ಮ ರಾಜ್ಯದ ಕರಾವಳಿಯಲ್ಲಿ ಹವಳವು ವಿರಳ. ಕಾರಣವು ಮೇಲೆ ಹೇಳಿದ್ದರಲ್ಲಿಯೇ ಇರುವದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಮೊದಲಾದ ಹೊಳೆಗಳು ಮಳೆಗಾಲದಲ್ಲಿ ಘಟ್ಟದ ಮಣ್ಣನ್ನೂ ಸಿಹಿನೀರನ್ನೂ ರಾಶಿಯಾಗಿ ತಂದು ಸುರಿಯುವವು. ದಂಡೆಯ ಹತ್ತಿರದ ನೀರು ತಿಂಗಳುಗಟ್ಟಲೆ ಕದಡಿರುವದು. ದಂಡೆಯಿಂದ ದೂರ ಸರಿದರೆ ಮಾತು ಬೇರೆ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿನ ಮುರುಡೇಶ್ವರದಿಂದ ಸುಮಾರು ೧೯ ಕಿಲೋಮೀಟರು ಪಶ್ಚಿಮಕ್ಕೆ ನೇತ್ರಾಣಿ ಎಂಬ ನಡುಗಡ್ಡೆಯಿದೆ. ಇಂಗ್ಲಿಷರ ನಕ್ಷೆಗಳಲ್ಲಿ ಅದಕ್ಕೆ ಪಾರಿವಾಳಗಳ ದ್ವೀಪವೆಂಬ ಹೆಸರುಂಟು. ಮನುಷ್ಯವಸತಿಯಿಲ್ಲ. ಕಡಿದಾದ ಬಂಡೆ, ಮೇಲೆ ದಟ್ಟವಾದ ಗಿಡಗಂಟಿ. ಬಿಳಿಹೊಟ್ಟೆಯ ಕಡಲಹದ್ದುಗಳು ಅಲ್ಲಿ ಗೂಡು ಕಟ್ಟುವವು. ಮೀನುಗಾರರು ಹರಕೆಗೆಂದು ಬಿಟ್ಟ ಆಡುಗಳ ಸಂತತಿಯು ಕಾಡುಪಾಲಾಗಿ ಅಲೆಯುವದು. ನೀರಿನ ಕೆಳಗೆ ಆ ಬಂಡೆಯ ಮೇಲೆಯೇ ಹವಳಗಳು ಅಂಟಿ ಬೆಳೆದಿವೆ. ಲಕ್ಷದ್ವೀಪದ ಹಾಗೆ ಇದು ತಳದಿಂದ ಮೇಲಿನ ತನಕ ಹವಳವೇ ಕಟ್ಟಿದ ದಿಬ್ಬವಲ್ಲ, ಕಲ್ಲಿನ ದಿನ್ನಿಯ ಮೇಲೆ ಮನೆ ಹೂಡಿದ ಹವಳಗಳ ಕೇರಿ ಎಂದರೆ ಸರಿಯಾದೀತು. ಕನ್ನಡ ನಾಡಿನ ಕಡಲಿನಲ್ಲಿ ಇಂಥ ಕೇರಿಗಳು ಬೆರಳೆಣಿಕೆಯವು, ಅವುಗಳಲ್ಲಿ ಇದೇ ಹೆಸರುವಾಸಿ.

ಈ ನೇತ್ರಾಣಿಯು ಪಟ್ಟ ಪಾಡು ಒಂದೆರಡಲ್ಲ. ನೌಕಾಪಡೆಯು ಇದನ್ನು ಗುಂಡಿನ ಗುರಿಯಾಗಿ ಬಳಸಿದ ಕಾಲವುಂಟು; ಸಿಡಿದ ಶೆಲ್ಲುಗಳ ತುಂಡುಗಳನ್ನು ಅಲ್ಲಿಗೆ ಹೋದವರು ಕಂಡಿರುವರು. ದೇಶಕ್ಕೆ ನೌಕಾಪಡೆಯೂ ಅದರ ಅಭ್ಯಾಸವೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಭ್ಯಾಸಕ್ಕೆ ಜೀವವಿಲ್ಲದ ಬಂಡೆ ಸಾಲದೇ ಎಂಬುದೇ ಪ್ರಶ್ನೆ. ಇನ್ನೊಂದು ಕಡೆಯಿಂದ ಪ್ರವಾಸಿಗರು ಬಂದರು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವ ಸ್ಕೂಬಾ ವಿನೋದವು ಮಳೆಗಾಲದ ಹೊರತಾದ ತಿಂಗಳುಗಳಲ್ಲಿ ಮುರುಡೇಶ್ವರದಿಂದ ನಡೆಯುವದು. ಮುಳುಗುವವನು ನೋಡಿ ಬಂದರೆ ಕೆಡುಕಿಲ್ಲ. ಕಾಲಿನಿಂದ ಒದ್ದರೆ, ಕೈಯಿಂದ ಹಿಡಿದರೆ, ದೋಣಿಯು ಹವಳದ ಮೇಲೆಯೇ ಲಂಗರನ್ನು ಇಳಿಸಿದರೆ, ವರುಷಕ್ಕೆ ಸೆಂಟಿಮೀಟರಿನ ಲೆಕ್ಕದಲ್ಲಿ ಏರಿದ್ದು ಒಂದು ನಿಮಿಷದಲ್ಲಿ ಪುಡಿಯಾಗುವದು.

ಹಾಗಾದರೆ ಕಾಯುವದು ಹೇಗೆ? ಒಂಬತ್ತನೆಯ ತರಗತಿಯಲ್ಲಿ ಈ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿಯು ಎದ್ದು ನಿಂತು, "ಟೀಚರ್, ನೀರಾಗ ಬೇಲಿ ಹ್ಯಾಂಗ ಹಾಕ್ತಾರ್ರಿ?" ಎಂದು ಕೇಳಿದಳು. ಉಳಿದವರು ನಕ್ಕರು. ಪ್ರಶ್ನೆ ಮಾತ್ರ ನಗುವಂಥದಲ್ಲ, ಅದಕ್ಕೆ ನಮ್ಮ ಸೀಮೆಯ ನಂಟು ಕೂಡ ಉಂಟು. ಮಸ್ಕಿಯ ಬಂಡೆಯ ಮೇಲೆ ೧೯೧೫ರಲ್ಲಿ ಗಣಿ ಇಂಜಿನಿಯರ್ ಬೀಡನ್ ಎಂಬವರು ಕಂಡ ಶಾಸನದಿಂದಲೇ ದೇವಾನಾಂಪ್ರಿಯನೆಂದರೆ ಅಶೋಕನೆಂಬುದು ಸ್ಥಿರಪಟ್ಟಿತು. ಮಸ್ಕಿಯ ಬರಹದಲ್ಲಿ ಮೀನಿನ ಸುದ್ದಿಯಿಲ್ಲ. ಆದರೆ ಅದೇ ಅರಸನು ತನ್ನ ಪಟ್ಟಾಭಿಷೇಕದ ೨೬ ವರುಷಗಳ ತರುವಾಯ ಉತ್ತರ ದೇಶದ ಕಂಬಗಳ ಮೇಲೆ ಬರೆಸಿದ ಐದನೆಯ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯುಂಟು, ಅದರಲ್ಲಿ ಆಮೆಯೂ ಕೆಲವು ಮೀನುಗಳೂ ಸೇರಿವೆ. ಗೊತ್ತುಪಡಿಸಿದ ದಿನಗಳಲ್ಲಿ ಮೀನನ್ನು ಹಿಡಿಯಲೂ ಬಾರದು, ಮಾರಲೂ ಬಾರದು. ಆನೆಯ ಕಾಡುಗಳಲ್ಲಿಯೂ ಬೆಸ್ತರ ಮೀಸಲು ನೀರುಗಳಲ್ಲಿಯೂ ಆ ದಿನಗಳಲ್ಲಿ ಬೇರೆ ಪ್ರಾಣಿಗಳನ್ನೂ ಕೊಲ್ಲಬಾರದೆಂಬ ವಿಧಿಯಿದೆ. ನೀರಿನಲ್ಲಿ ಬೇಲಿಯೆಂದರೆ ಇಷ್ಟೇ: ಒಂದು ಜಾಗವನ್ನೂ ಒಂದು ಕಾಲವನ್ನೂ ಗೊತ್ತುಮಾಡಿ ಕೈ ಹಿಂತೆಗೆಯುವದು. ಕರ್ನಾಟಕದ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ಜೂನ್ ೧ರಿಂದ ಜುಲೈ ೩೧ರ ವರೆಗೆ ೬೧ ದಿನ ಮೀನುಗಾರಿಕೆಯನ್ನು ನಿಲ್ಲಿಸುವ ಕಟ್ಟಳೆಯೂ ಇದೇ ಜಾತಿಯದು.

ಜಾಗದ ಬೇಲಿಗಳು ನಮ್ಮ ದೇಶದಲ್ಲಿ ತಡವಾಗಿ ಬಂದವು. ೧೯೮೨ರಲ್ಲಿ ಕಚ್ಛ ಕೊಲ್ಲಿಯಲ್ಲಿಯೂ ೧೯೮೩ರಲ್ಲಿ ಅಂಡಮಾನಿನ ವಂಡೂರಿನಲ್ಲಿಯೂ ೧೯೮೬ರಲ್ಲಿ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿಯೂ ಕಡಲಿನ ರಾಷ್ಟ್ರೀಯ ಉದ್ಯಾನಗಳು ಸ್ಥಾಪಿತವಾದವು. ಮನ್ನಾರಿನ ಕಥೆಯು ಕಿವಿಗೊಡತಕ್ಕದ್ದು. ಅಲ್ಲಿ ೨೧ ದ್ವೀಪಗಳಿದ್ದವು. ಸುತ್ತಲಿನ ಹವಳವನ್ನು ಬಹುಕಾಲ ಸುಣ್ಣಕ್ಕೂ ಕಟ್ಟಡಕ್ಕೂ ಅಗೆದು ಒಯ್ದರು. ಅಲೆಯ ಹೊಡೆತವನ್ನು ತಡೆಯುತ್ತಿದ್ದ ಗೋಡೆ ಹೋದ ಮೇಲೆ ಎರಡು ದ್ವೀಪಗಳು ನೀರಿನಲ್ಲಿ ಮುಳುಗಿಯೇ ಹೋದವು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ೨೦೦೧ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ಸೇರಿಸಿದರು. ಆ ಪಟ್ಟಿಯಲ್ಲಿ ಹುಲಿಯ ಹೆಸರೂ ಇರುವದು. ಹವಳವನ್ನು ಕೀಳುವದೂ ಮಾರುವದೂ ಕಾಯಿದೆಯ ಕಣ್ಣಿಗೆ ಹುಲಿಯನ್ನು ಬೇಟೆಯಾಡುವ ಸಾಲಿನ ಅಪರಾಧವೇ.

ನಮಗೆ ಹೆಚ್ಚು ಹತ್ತಿರದ ಪಾಠ ಗೋವೆಯ ಆಚೆಗಿನ ಮಾಲವಣದ್ದು. ಶಿವಾಜಿಯು ಸಮುದ್ರದ ನಡುವೆ ಕಟ್ಟಿಸಿದ ಸಿಂಧುದುರ್ಗ ಕೋಟೆಯ ಸುತ್ತಲಿನ ನೀರಿನಲ್ಲಿಯೂ ಹವಳಗಳುಂಟು. ಮಹಾರಾಷ್ಟ್ರ ಸರಕಾರವು ೧೯೮೭ರಲ್ಲಿ ಅಲ್ಲಿ ೨೯.೧೨ ಚದರ ಕಿಲೋಮೀಟರಿನ ಕಡಲಧಾಮವನ್ನು ಘೋಷಿಸಿ, ಅದರೊಳಗೆ ೩.೧೮ ಚದರ ಕಿಲೋಮೀಟರನ್ನು ಒಳಗರ್ಭವೆಂದು ಹೆಚ್ಚಿನ ರಕ್ಷಣೆಗೆ ಗುರುತಿಸಿತು. ನಕ್ಷೆಯ ಮೇಲೆ ಇದು ಬಹು ಚೆನ್ನಾಗಿರುವದು. ಆದರೆ ಆ ನೀರಿನಲ್ಲಿ ತಲೆಮಾರುಗಳಿಂದ ಬಲೆ ಬೀಸಿದ ಬೆಸ್ತರು ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ವಿರೋಧಿಸಿದರು, ವರುಷಗಟ್ಟಲೆ ಜಗ್ಗಾಟ ನಡೆಯಿತು. ಅವರನ್ನು ದೂರುವ ಮನಸ್ಸು ನನಗಿಲ್ಲ. ನಿನ್ನ ಹೊಲದ ನಡುಭಾಗವನ್ನು ನಾಳೆಯಿಂದ ಉಳಬೇಡವೆಂದು ರಾಯಚೂರಿನಿಂದ ಒಂದು ಕಾಗದ ಬಂದರೆ ನಮ್ಮ ಊರಿನಲ್ಲಿ ಏನಾದೀತು?

ಆದರೆ ಕೈ ಹಿಂತೆಗೆದರೆ ಬೆಸ್ತನಿಗೆ ನಷ್ಟವೇ ಎಂಬುದನ್ನು ಲೆಕ್ಕ ಹಾಕಿ ನೋಡಿದವರುಂಟು. ಫಿಲಿಪೈನ್ಸ್ ದೇಶದಲ್ಲಿ ೧೯೦೧ರಲ್ಲಿ ಪ್ರೆಸ್ಬಿಟೇರಿಯನ್ ಮಿಶನರಿಗಳು ಸ್ಥಾಪಿಸಿದ ಸಿಲ್ಲಿಮನ್ ಎಂಬ ವಿದ್ಯಾಲಯವಿದೆ. ನಮ್ಮಂಥ ಮಿಶನ್ ಶಾಲೆಗಳ ದಾಯಾದಿಯೆಂದೇ ಅನ್ನಬಹುದು. ಅಲ್ಲಿಯ ಪ್ರಾಣಿಶಾಸ್ತ್ರಜ್ಞ ಏಂಜೆಲ್ ಆಲ್ಕಾಲಾ ಅವರ ಪ್ರಯತ್ನದಿಂದ ೧೯೭೪ರಲ್ಲಿ ಸುಮಿಲೋನ್ ಎಂಬ ಚಿಕ್ಕ ದ್ವೀಪದ ಹವಳದ ದಿಬ್ಬದ ಒಂದು ಭಾಗವನ್ನು ಮೀಸಲಾಗಿಟ್ಟರು. ಉಳಿದ ಭಾಗದಲ್ಲಿ ಬೆಸ್ತರು ಎಂದಿನಂತೆ ಹಿಡಿದರು. ಹತ್ತು ವರುಷಗಳ ತರುವಾಯ, ೧೯೮೪ರಲ್ಲಿ, ರಾಜಕೀಯದ ಕಾರಣದಿಂದ ಮೀಸಲು ಮುರಿದು ದಿಬ್ಬವೆಲ್ಲ ತೆರೆಯಿತು. ಹಿಡಿಯುವ ಜಾಗ ಹೆಚ್ಚಾದ್ದರಿಂದ ಮೀನೂ ಹೆಚ್ಚು ಸಿಕ್ಕಬೇಕಷ್ಟೆ? ಎರಡು ವರುಷಗಳೊಳಗಾಗಿ ಇಡೀ ದ್ವೀಪದ ಹಿಡುವಳಿಯು ಸುಮಾರು ಅರ್ಧಕ್ಕೆ ಇಳಿಯಿತು! ಮೀಸಲು ಭಾಗವು ಇಡೀ ದ್ವೀಪಕ್ಕೆ ಮೀನನ್ನು ತುಂಬಿ ಕೊಡುತ್ತಿತ್ತೆಂಬುದು ಆಗ ಸ್ಪಷ್ಟವಾಯಿತು. ದೊಡ್ಡ ಮೀನು ಚಿಕ್ಕದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮೊಟ್ಟೆಯಿಡುವದು. ಅದು ದೊಡ್ಡದಾಗುವಷ್ಟು ಕಾಲ ಬದುಕಲಿಕ್ಕೆ ಒಂದು ಜಾಗ ಬೇಕು. ನಮ್ಮ ರೈತಾಪಿ ಹೆಂಗಸು ಬರಗಾಲದಲ್ಲಿಯೂ ಬಿತ್ತನೆಯ ಜೋಳವನ್ನು ಬೀಸುಕಲ್ಲಿಗೆ ಹಾಕದೆ ಮಡಕೆಯಲ್ಲಿ ಕಟ್ಟಿಡುವಳಲ್ಲವೇ? ಹತ್ತಿರದ ಆಪೋ ಎಂಬ ದ್ವೀಪದಲ್ಲಿ ೧೯೮೨ರಿಂದ ಬೆಸ್ತರು ತಾವೇ ಕೂಡಿ ದಿಬ್ಬದ ಸುಮಾರು ಹತ್ತನೆಯ ಒಂದು ಪಾಲನ್ನು ಬಿಟ್ಟುಕೊಟ್ಟು, ಕಾವಲನ್ನೂ ತಾವೇ ಮಾಡಿದರು. ಅದು ಉಳಿಯಿತು. ಆಲ್ಕಾಲಾ ಅವರಿಗೆ ೧೯೯೨ರಲ್ಲಿ ಮ್ಯಾಗ್ಸೇಸೇ ಪ್ರಶಸ್ತಿ ದೊರೆಯಿತು.

ಮಾಲವಣವನ್ನೂ ಆಪೋವನ್ನೂ ಎದುರುಬದರಾಗಿ ಇಟ್ಟು ನೋಡಿದರೆ ನೇತ್ರಾಣಿಗೆ ಏನು ಬೇಕೆಂಬ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಕರ್ನಾಟಕವು ಈಚಿನ ವರುಷಗಳಲ್ಲಿ ಹೊನ್ನಾವರ ತಾಲೂಕಿನ ಅಪ್ಸರಕೊಂಡ–ಮುಗಳಿ ಭಾಗವನ್ನು ತನ್ನ ಮೊದಲನೆಯ ಕಡಲ ವನ್ಯಜೀವಿಧಾಮವಾಗಿ ಆರಿಸಿಕೊಂಡಿತು. ಕಡಲಾಮೆಗಳು ಮೊಟ್ಟೆಯಿಡುವ ತಾಲೂಕು ಅದು. ಒಳ್ಳೆಯದಾಯಿತು. ಅದೇ ದೃಷ್ಟಿ ನೇತ್ರಾಣಿಯ ಹವಳದ ಮೇಲೆಯೂ ಬೀಳಬೇಕೆಂದು ಬಲ್ಲವರು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಆದರೆ ಮೊದಲ ಸಭೆಯು ಬೆಂಗಳೂರಿನಲ್ಲಿ ಅಲ್ಲ, ಭಟ್ಕಳ ಮುರುಡೇಶ್ವರಗಳ ಮೀನುಗಾರರ ಅಂಗಳದಲ್ಲಿ ಕೂಡಬೇಕು. ಮೀನು ಮಾರುವ ಹೆಂಗಸರೂ ಅದರಲ್ಲಿ ಕೂತಿರಬೇಕು, ಯಾಕಂದರೆ ಬಲೆಯಲ್ಲಿ ಎಷ್ಟು ಬಂತೆಂಬ ಲೆಕ್ಕ ಸಂಜೆ ಅವರ ಬುಟ್ಟಿಯಲ್ಲಿ ಸಿಕ್ಕುವದು.

ಬೇಲಿ ತಡೆಯಲಾರದ ಶತ್ರುವೊಂದುಂಟು, ಅದು ಬಿಸಿ. ೧೯೯೮ರಲ್ಲಿ ಲೋಕದ ಹವಳಗಳು ಒಟ್ಟಾಗಿ ಬೆಳ್ಳಗಾದವು, ಲಕ್ಷದ್ವೀಪದಲ್ಲಿ ಅಪಾರ ಹಾನಿಯಾಯಿತು. ೨೦೧೦ರಲ್ಲಿ ಎರಡನೆಯ ಸಲ, ೨೦೧೪ರಿಂದ ೨೦೧೭ರ ವರೆಗೆ ಮೂರನೆಯ ಸಲ, ೨೦೨೩ರಲ್ಲಿ ಮೊದಲಾಗಿ ನಾಲ್ಕನೆಯ ಸಲ. ಈ ನಾಲ್ಕನೆಯದರಲ್ಲಿ ಲೋಕದ ದಿಬ್ಬಗಳ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚಿನ ಭಾಗಕ್ಕೆ ಅಪಾಯದ ಬಿಸಿ ತಗಲಿತು. ಹಾಗಾದರೆ ಲಂಗರನ್ನು ತಡೆದು, ಮೀನನ್ನು ಬಿಟ್ಟು ಏನು ಪ್ರಯೋಜನವೆಂದು ಕೇಳುವವರುಂಟು. ಜ್ವರ ಬಂದ ಮಗುವಿಗೆ ಹೊಟ್ಟೆಗೂ ಇಲ್ಲದಿದ್ದರೆ ಏನಾಗುವದೆಂದು ಯಾವ ತಾಯಿಯೂ ಬಲ್ಲಳು. ಗಿಳಿಮೀನು ಉಳಿದಿರುವ, ಕೆಸರು ಬೀಳದ, ಒಡೆಯದ ದಿಬ್ಬಕ್ಕೆ ಬಿಸಿಯ ತರುವಾಯ ಚೇತರಿಸಿಕೊಳ್ಳುವ ಅವಕಾಶ ಹೆಚ್ಚು. ಬಿಸಿಯ ಮೂಲವಾದ ಕಲ್ಲಿದ್ದಲು ಎಣ್ಣೆಗಳ ಹೊಗೆಯ ಮಾತು ದೊಡ್ಡದು. ಅದಕ್ಕೆ ಬೇರೆಯೇ ಲೇಖನ ಬೇಕಾಗುವದು.

ನಮ್ಮ ಗದ್ದೆಗಳ ರಸಗೊಬ್ಬರ ನೇತ್ರಾಣಿಗೆ ಹೋಗಿ ಮುಟ್ಟುವದೇ ಎಂದೂ ಮಕ್ಕಳು ಕೇಳುವರು. ಇಲ್ಲ. ಎಡದಂಡೆ ಕಾಲುವೆಯ ಬಸಿನೀರು ಹಳ್ಳಗಳ ಮೂಲಕ ತುಂಗಭದ್ರೆ ಕೃಷ್ಣೆಯರನ್ನು ಕೂಡಿ ಆಂಧ್ರದ ಹಂಸಲದೀವಿಯ ಬಳಿ ಪೂರ್ವ ಸಮುದ್ರವನ್ನು ಸೇರುವದು. ನೇತ್ರಾಣಿಯಿರುವದು ಪಶ್ಚಿಮ ಸಮುದ್ರದಲ್ಲಿ. ನಮ್ಮಲ್ಲಿಂದ ಅಲ್ಲಿಗೆ ಹೋಗುವವರು ನಾವೇ, ರಜೆಯಲ್ಲಿ, ಬಸ್ಸು ಹತ್ತಿ.

ಹಾಗೆ ಹೋಗುವ ತಾಯಿತಂದೆಗಳಿಗೆ ಎರಡು ಮಾತು. ಸಮುದ್ರತೀರದ ಅಂಗಡಿಗಳಲ್ಲಿ ಬಿಳಿಯ ಕೊಂಬೆಯಂಥ ಹವಳವನ್ನು ಗಾಜಿನ ಅಲಮಾರಿಗೆ ಅಂದವೆಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿರಿ. ಅದು ಯಾವ ದಿಬ್ಬದ್ದಾದರೂ ಈ ದೇಶದಲ್ಲಿ ಕಾಯಿದೆಗೆ ವಿರುದ್ಧವಾದದ್ದು. ನೇತ್ರಾಣಿಗೆ ಹೋಗುವ ದೋಣಿಯನ್ನು ಗೊತ್ತುಮಾಡುವಾಗ ದರವನ್ನು ಕೇಳುವದಕ್ಕೆ ಮುಂಚೆ, ಲಂಗರನ್ನು ಎಲ್ಲಿ ಇಳಿಸುವಿರಿ, ತೇಲುಬುರುಡೆಗೆ ಕಟ್ಟುವಿರೋ ತಳಕ್ಕೆ ಬಿಡುವಿರೋ ಎಂದು ಕೇಳಿರಿ. ಹತ್ತು ಜನ ಕೇಳಿದರೆ ದೋಣಿಯವನು ಹನ್ನೊಂದನೆಯವರಿಗೆ ಕೇಳುವ ಮೊದಲೇ ಹೇಳುವನು. ಮತ್ತು ಮಕ್ಕಳು ಮುಳುಗುಕನ್ನಡಿ ಹಾಕಿಕೊಂಡು ನೀರಿಗೆ ಇಳಿಯುವದಾದರೆ, ಕೆಳಗೆ ಕಲ್ಲಿನಂತೆ ಕಾಣುವದರ ಮೇಲೆ ನಿಲ್ಲಬಾರದೆಂದು ದಡದಲ್ಲಿಯೇ ತಿಳಿಸಿ ಇಳಿಸಿರಿ.